ಅಂಗಿ ಬಿಟ್ಟು ಹೋದವರು

ಬೆಣಚಿ ಹೊಳೆಯಲ್ಲಿ ಕಿವಿಗಂಬ ನೆಟ್ಟ ಹೊಸತರಲ್ಲಿ ಕಲ್ಗಡ್ಡಿಯ ಗಂಡಸರು ಹೊಳೆ ನೀರಿಗೆ ಉಚ್ಚೆ ಹೊಯ್ಯುವುದನ್ನೇ ಬಿಟ್ಟುಬಿಟ್ಟಿದ್ದರು. ಯಾರು ಹೊಯ್ದರು, ಯಾವ ಹೊತ್ತಿಗೆ ಹೊಯ್ದರು ಎಂಬುದೆಲ್ಲ ಹೆಸರು ಸಮೇತ ಹೊಳೆ ಕಾಯುವ ಕಚೇರಿಯ ಗೋಡೆಪರದೆಯ ಮೇಲೆ ಮೂಡುತ್ತದಂತೆ ಎಂದು ಸುದ್ದಿ ಹಬ್ಬಿತ್ತು. ಹಬ್ಬಿಸಿದವನು ಬೇರೆ ಯಾರೂ ಅಲ್ಲ, ಆ ಕಂಬಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ ಅದೇ ಊರಿನ ಪಂಪಾಪತಿ. "ಸುಳ್ಳಾದ್ರ ಏನಾತು, ಹೊಳಿ ಒಂದೀಟು ಸ್ವಚ್ಛ ಆತಿಲ್ಲೋ?" ಎಂದು ಆಮೇಲೆ ಅವನೇ ನಗುತ್ತಿದ್ದ.

ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ನೀರಲ್ಲಿ ಬದುಕುವ, ಮೀಯುವ, ನೀರಿಗೆ ಬಾಯಿ ಹಚ್ಚುವ ಪ್ರತಿ ಜೀವವೂ ತನ್ನದೊಂದಿಷ್ಟನ್ನು ಅಲ್ಲಿ ಬಿಟ್ಟೇ ಹೋಗುತ್ತದೆ. ಜೊಲ್ಲೋ, ಲೋಳೆಯೋ, ಚರ್ಮದ ಹುಡಿಯೋ. ಆ ಹುಡಿಯೊಳಗೆ ಅದರ ಡಿಎನ್‌ಎ ಇರುತ್ತದೆ. ಕಿವಿಗಂಬ ಗುಟುಕು ಗುಟುಕಾಗಿ ಹೊಳೆಯನ್ನು ಕುಡಿದು, ಸೋಸಿ, ಆ ಹುಡಿಯನ್ನು ಓದಿ, ಇದು ಗಿರಲು ಮೀನು, ಇದು ಕಪ್ಪೆ, ಇದು ನೀರುನಾಯಿ ಎಂದು ಕಚೇರಿಗೆ ಹೇಳುತ್ತಿತ್ತು. ಜಾತಿಯನ್ನಷ್ಟೇ ಹೇಳುತ್ತಿತ್ತು, ಆಳನ್ನಲ್ಲ. ಆಳು ಯಾರೆಂದು, ಅಂದರೆ ಆ ಜಾತಿಯಲ್ಲಿ ಯಾವ ಒಂದು ಜೀವವೆಂದು, ತಿಳಿಯಬೇಕಾದರೆ ನೀರನ್ನು ಲ್ಯಾಬಿಗೆ ತಂದು ದೊಡ್ಡ ಯಂತ್ರದಲ್ಲಿ ಓದಿಸಬೇಕು. ಮನುಷ್ಯರ ವಿಷಯದಲ್ಲಂತೂ ಕಂಬ ಕಿವುಡಾಗಿಯೇ ಇರಬೇಕೆಂದು ಅಪ್ಪಣೆಯಾಗಿತ್ತು. ಅಷ್ಟು ಗಲಾಟೆ ಮಾಡಿದ್ದರು ಜನ.

ಇನ್ನೊಂದು ಮಾತು. ನೀರಿಗೆ ಬಿದ್ದ ಕುರುಹು ನಾಲ್ಕಾರು ದಿನಗಳಲ್ಲಿ ಕರಗಿಹೋಗುತ್ತದೆ. ಹಾಗಾಗಿ ಕಂಬ ಹೇಳುವುದು ಈಗಿನ ಸುದ್ದಿಯೇ ಹೊರತು ಹಳೆಯದಲ್ಲ. ಹಾಗೆಂದು ಎಲ್ಲರೂ ನಂಬಿದ್ದರು.

ಕಚೇರಿಯ ಗೋಡೆಯ ಮೇಲೆ ಹೊಳೆಯ ಜೀವಗಳ ಹೆಸರುಗಳಿದ್ದವು. ಪ್ರತಿ ಹೆಸರಿನ ಮುಂದೆ ಒಂದು ಸ್ಥಿತಿ: 'ಇದೆ', 'ಕಡಿಮೆ ಇದೆ', 'ಕಾಣೆ', 'ಇಲ್ಲ'. ವಿಜ್ಞಾನಿಗಳ ಉದ್ದುದ್ದ ಪದಗಳನ್ನು ಊರವರಿಗೆ ಓದಲು ಬರುವಂತೆ ಹೀಗೆ ಕತ್ತರಿಸಿದವನೂ ಪಂಪಾಪತಿಯೇ. ಆ ಗೋಡೆಯಲ್ಲಿ ಸುಣ್ಣದ ಕೊಡತಿ ಎಂಬ ಹೆಸರಿನ ಮುಂದೆ ಬಹಳ ಕಾಲದಿಂದ 'ಕಾಣೆ' ಎಂದಿತ್ತು.

ಕೊಡತಿ ಹುಳ ನಿಮಗೂ ಗೊತ್ತು. ಏರೋಪ್ಲೇನ್ ಚಿಟ್ಟೆ ಎಂದು ಬಾಲಕ್ಕೆ ದಾರ ಕಟ್ಟಿ ಹಾರಿಸಿರುತ್ತೀರಿ. ಇದು ಅದರದೇ ಬಳಗ, ಆದರೆ ಬೆಣಚಿ ಹೊಳೆ ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ಮೈ ಕಪ್ಪು, ಬಾಲದ ತುದಿ ಮಾತ್ರ ಸುಣ್ಣದ ಗಡಿಗೆಯಲ್ಲಿ ಅದ್ದಿದ ಹಾಗೆ ಬೆಳ್ಳಗೆ. ಮರಿಯಾಗಿ ನೀರಿನೊಳಗೆ ಎರಡು ವರ್ಷ, ರೆಕ್ಕೆ ಬಂದ ಮೇಲೆ ಕೆಲವೇ ವಾರ. ಹರಿಯುವ ತಣ್ಣನೆ ನೀರು ಬೇಕು, ಅಡಿಯಲ್ಲಿ ಮರಳು ಬೇಕು. ಮರಳು ಹೋಯಿತು, ನೀರು ಬಿಸಿಯಾಯಿತು, ಹುಳ ಕಾಣೆಯಾಯಿತು.

ಅದಕ್ಕೂ ಮೊದಲು ಹಿಡಿದು ತಂದಿದ್ದ ಒಂದಿಷ್ಟು ಹುಳಗಳ ಸಂತಾನವನ್ನು ಕಚೇರಿಯ ಹಿಂದಿನ ಲ್ಯಾಬಿನಲ್ಲಿ ಸಾಕುತ್ತಿದ್ದವಳು ವಾರಿಜಾ. ಚಿತ್ರದುರ್ಗದ ಕಡೆಯವಳು. ಗಾಜಿನ ತೊಟ್ಟಿಗಳಲ್ಲಿ ಮರಿಗಳು, ಪಕ್ಕದಲ್ಲಿ ರೆಕ್ಕೆ ಬಂದವಕ್ಕೆಂದು ದೊಡ್ಡ ಬಲೆಮನೆ. ಆದರೆ ಅಣ್ಣ ತಂಗಿಯರನ್ನೇ ಜೋಡಿ ಮಾಡುತ್ತ ಬಂದರೆ ವಂಶ ಎಷ್ಟು ದಿನ ನಡೆದೀತು? ಒಂದೊಂದು ತಲೆಮಾರಿಗೂ ಹೆಚ್ಚು ಹೆಚ್ಚು ಮೊಟ್ಟೆಗಳು ಒಡೆಯದೆ ಹಾಗೇ ಕಪ್ಪಾಗುತ್ತಿದ್ದವು.

ವಾರಿಜಾ ಬಾಡಿಗೆಗಿದ್ದದ್ದು ಹುಲಿಗೆವ್ವನ ಮನೆಯ ಮುಂದಿನ ಕೋಣೆಯಲ್ಲಿ. ಹುಲಿಗೆವ್ವ ಹೊಳೆ ದಂಡೆಯ ಮಡಿವಾಳರವಳು. ಅವಳ ಕೈಯಲ್ಲಿ ಬಟ್ಟೆ ಬಡಿಯುವ ಕೊಡತಿ ಇಲ್ಲದ ಹೊತ್ತೇ ಇಲ್ಲ.

"ನಂದೂ ಕೊಡತಿ, ನಿಂದೂ ಕೊಡತಿ," ಎನ್ನುತ್ತಿದ್ದಳು. "ನನ್ನ ಕೊಡತಿ ಊರಿನ ಅರಿಬಿ ಬಡಿತೈತಿ. ನಿನ್ನ ಕೊಡತಿ ಏನ್ ಬಡಿತೈತವ್ವ?"

"ಸೊಳ್ಳೆ ತಿನ್ನುತ್ತೆ, ಹುಲಿಗೆವ್ವಕ್ಕ."

"ಹಂಗಾರ ಒಂದೆರಡು ನಮ್ಮನಿಗೆ ತಂದ್ ಬಿಡವ್ವ. ಬಾಡಿಗಿ ಬ್ಯಾಡ."

ಅವಳ ಗಂಡ ಅಂಬಣ್ಣ, ಒಗೆದ ಬಟ್ಟೆಗಳನ್ನು ಆಚೆ ದಂಡೆಯ ಮದುವೆಮನೆಗೆ ಮುಟ್ಟಿಸಲೆಂದು ಹೊಳೆ ತುಂಬಿದ್ದಾಗ ಹರಿಗೋಲು ಹತ್ತಿ ಹೋದವನು. ಹರಿಗೋಲು ಸಿಕ್ಕಿತು, ಬಟ್ಟೆಯ ಗಂಟೂ ಸಿಕ್ಕಿತು, ಅವನು ಸಿಗಲಿಲ್ಲ. ಕೊನೆಯದಾಗಿ ಕಂಡವರು ಯಾರೆಂದು ಠಾಣೆಯಲ್ಲಿ ಕೇಳಿದ್ದರು. "ನಾನ" ಎಂದಿದ್ದಳು. 'ಕಾಣೆ' ಎಂದು ಬರೆದುಕೊಂಡಿದ್ದರು. ವರ್ಷಗಳು ಕಳೆದ ಮೇಲೆ ಪಂಚಾಯಿತಿಯ ಗುಮಾಸ್ತ ಯಾವುದೋ ಪಟ್ಟಿಯಲ್ಲಿ 'ಹುಲಿಗೆವ್ವ ಗಂಡ ದಿವಂಗತ ಅಂಬಣ್ಣ' ಎಂದು ಹಾಕಿದ್ದಕ್ಕೆ ಹುಲಿಗೆವ್ವ ಅವನ ಮೇಜಿನ ಮುಂದೆ ಕುಕ್ಕರುಬಡಿದು ಕೂತು, ಆ ಒಂದು ಪದ ಹೊಡೆದುಹಾಕಿಸಿದ ಮೇಲೆಯೇ ಎದ್ದಿದ್ದಳು. "ಹೆಣ ನೋಡಿಯೇನು ನೀ? ನೋಡಿಲ್ಲಂದ್ರ ನಿನ್ನ ಪೆನ್ನಿಗ್ಯಾಕ ಅವಸ್ರ?"

ಆ ದಂಡೆಯ ಮಡಿವಾಳರಲ್ಲಿ ಒಂದು ಪದ್ಧತಿಯಿತ್ತು. ದುಡಿಯಲು ದೂರ ಹೋದವರ, ಮುನಿಸಿಕೊಂಡು ಹೋದವರ, ಎಲ್ಲಿದ್ದಾರೆಂದು ತಿಳಿಯದವರ ಬಟ್ಟೆಯೊಂದನ್ನು ಅಮಾವಾಸ್ಯೆಗೊಮ್ಮೆ ಹೊಳೆಯಲ್ಲಿ ಒಗೆದು ಒಣಗಿಸಿ ಮಡಿಚಿಡುವುದು. ಅದಕ್ಕೆ 'ಹೊಳಿಗೆ ತೋರ್ಸೋದು' ಎನ್ನುತ್ತಿದ್ದರು. ತನ್ನ ಬಟ್ಟೆ ಮಡಿಯಾಗಿ ಕಾಯುತ್ತಿರುವಾಗ ಮನುಷ್ಯ ಬರದೇ ಇರುವುದಿಲ್ಲವಂತೆ. ಅಂಬಣ್ಣನ ಚೌಕಳಿ ಅಂಗಿ ಎಂಟು ವರ್ಷದ ಅಮಾವಾಸ್ಯೆಗಳಲ್ಲಿ ತೊಳೆದು ತೊಳೆದು, ಈಗ ಚೌಕಳಿ ಎಲ್ಲಿದೆ ಎಂದು ಹುಡುಕಬೇಕಿತ್ತು.

ಇನ್ನು ಹುಳದ ಅಂಗಿಯ ಮಾತು. ವಾರಿಜಾ ಬಂದ ಮೊದಲ ವರ್ಷ ದಂಡೆಯ ಹೆಂಗಸರನ್ನೆಲ್ಲ ಬಂಡೆಯ ಮೇಲೆ ಕೂರಿಸಿಕೊಂಡು, ಲ್ಯಾಬಿನ ಹುಳಗಳು ಕಳಚಿ ಬಿಟ್ಟ ಪೊರೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದ್ದಳು. ಕಂದುಬಣ್ಣದ, ಟೊಳ್ಳಾದ, ಕಾಲು ಕಣ್ಣು ಎಲ್ಲ ಅಚ್ಚೊತ್ತಿದಂತಿರುವ ಪೊರೆಗಳು.

"ಸತ್ತ ಹುಳ ತಂದಾಳ್ರೇ," ಎಂದಳು ಒಬ್ಬಳು.

"ಸತ್ತಿಲ್ಲಮ್ಮ," ಎಂದು ವಾರಿಜಾ ಹೇಗೆ ಹೇಳುವುದೆಂದು ಒಂದು ಕ್ಷಣ ಯೋಚಿಸಿದಳು. "ಇದು ಅದರ ಅಂಗಿ ಅಂದ್ಕೊಳ್ಳಿ. ಮರಿ ನೀರಿಂದ ಎದ್ದು ಬಂದು, ಕಲ್ಲು ಹಿಡಿದು ಕೂತು, ಈ ಅಂಗಿ ಬಿಚ್ಚಿಟ್ಟು ಹಾರಿ ಹೋಗುತ್ತೆ. ಹೊಳೆ ಕಲ್ಲಿನ ಮೇಲೆ ಇಂಥ ಅಂಗಿ ಕಂಡ್ರೆ ನಂಗೆ ಹೇಳಿ. ಅಂಗಿ ಇದೆ ಅಂದ್ರೆ ಹುಳ ಇನ್ನೂ ಇದೆ ಅಂತ."

ಗುರುತಿಗಿರಲೆಂದು ಹುಲಿಗೆವ್ವನ ಕೈಗೊಂದು ಡಬ್ಬಿಯ ತುಂಬ ಪೊರೆಗಳನ್ನೂ ಕೊಟ್ಟಳು. ಹೆಂಗಸರು ಹುಡುಕಿದರು. ಯಾರಿಗೂ ಏನೂ ಸಿಗಲಿಲ್ಲ. ಡಬ್ಬಿಯ ವಿಷಯ ವಾರಿಜಾ ಮರೆತಳು.

ಆಮೇಲೊಂದು ದಿನ ಪಂಪಾಪತಿ ಚಹಾದ ಲೋಟ ಕೈಯಲ್ಲೇ ಹಿಡಿದುಕೊಂಡು ಲ್ಯಾಬಿಗೆ ಓಡಿಬಂದ. ದಾರಿಯುದ್ದಕ್ಕೂ ಚಹಾ ಚೆಲ್ಲಿತ್ತು.

"ಮೇಡಂ, ಗ್ವಾಡಿ ನೋಡ್ ಬರ್ರಿ. ಸುಣ್ಣದ ಕೊಡತಿ!"

ಗೋಡೆಯ ಮೇಲೆ 'ಕಾಣೆ' ಹೋಗಿ 'ಇದೆ' ಎಂದು ಮೂಡಿತ್ತು. ವಾರಿಜಾ ಕುರ್ಚಿ ಹುಡುಕಿ ಕೂತಳು. ಯಂತ್ರ ಕೆಟ್ಟಿರಬಹುದೆಂದು ಮತ್ತೆ ಓದಿಸಿದಳು. 'ಇದೆ'. ಎರಡು ದಿನವಿದ್ದು ಆ ಕುರುಹು ಅಳಿಸಿಹೋಯಿತು. ಮುಂದಿನ ತಿಂಗಳು ಮತ್ತೆ ಬಂತು. ಅದರ ಮುಂದಿನ ತಿಂಗಳೂ ಬಂತು.

"ತಿಂಗಳಿಗೊಮ್ಮೆ ಯಾಕ್ರೀ ಬರ್ತಾವ? ಸಂಬಳ ತಗೊಳ್ಳಾಕೇನು?"

"ಅಮಾವಾಸ್ಯೆ ಅಕ್ಕಪಕ್ಕ ಬರ್ತಿದೆ ನೋಡಿ, ಪಂಪಾಪತಿ," ಎಂದಳು ವಾರಿಜಾ. "ಚಂದ್ರನ ಲೆಕ್ಕ ಹಿಡಿದು ನೀರಿಂದ ಏಳೋ ಹುಳಗಳಿವೆ. ಇದೂ ಹಾಗೇ ಇರಬೇಕು. ನಮಗ್ಯಾರಿಗೂ ಗೊತ್ತಿರಲಿಲ್ಲ."

ಲ್ಯಾಬಿನಲ್ಲಿ ಆಗ ಉಳಿದದ್ದು ಹನ್ನೊಂದು ಮರಿಗಳು. ಬಲೆಮನೆಯಲ್ಲೇ ಇಟ್ಟು ಜೋಡಿ ಮಾಡಿದರೆ ಇನ್ನೊಂದು ತಲೆಮಾರು ನಡೆದೀತು, ಪುಣ್ಯವಿದ್ದರೆ ಎರಡು. ಹೊಳೆಗೆ ಬಿಟ್ಟರೆ, ಅಲ್ಲಿರುವ ಕಾಡುಹುಳಗಳ ಜೊತೆ ಕೂಡಿ ಹೊಸ ರಕ್ತ ಸೇರಿ ವಂಶವೇ ಉಳಿದೀತು. ವಾರಿಜಾ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಹುಲಿಗೆವ್ವ ರೊಟ್ಟಿ ತಂದು ಮುಂದಿಟ್ಟು, "ಬಿಡೂದೋ ಬ್ಯಾಡೋ ಅಂತ ಚಿಂತಿ ಮಾಡೂ ಬದ್ಲಿ ತಿನ್ನು. ಹೊಟ್ಟಿ ತುಂಬಿದ್ರ ಬುದ್ಧಿ ತಾನ ಬರ್ತೈತಿ," ಎಂದು ಬೈದಳು.

"ನೀನಾಗಿದ್ರೆ ಏನ್ ಮಾಡ್ತಿದ್ದೆ ಅಕ್ಕ?"

"ನಾನಾಗಿದ್ರ? ತಮ್ಮವ್ರು ಹೊಳ್ಯಾಗ ಕಾಯಾಕತ್ತಾರ ಅಂತ ಗೊತ್ತಾದ ಮ್ಯಾಲ ಡಬ್ಬಿಯಾಗ ಇಟ್ಕೊಂಡು ಕುಂದ್ರತಿದ್ನ್ಯಾ?"

ಬಿಡುವ ದಿನ ಬೆಳಗಿನ ಜಾವವೇ ದಂಡೆಯ ತುಂಬ ಜನ. ರೆಕ್ಕೆ ಬರಲು ಸಿದ್ಧವಾಗಿದ್ದ ಹನ್ನೊಂದು ಮರಿಗಳನ್ನು ವಾರಿಜಾ ಒಗೆಯುವ ಬಂಡೆಗಳ ಬುಡದಲ್ಲಿ ಒಂದೊಂದಾಗಿ ನೀರಿಗಿಟ್ಟಳು. ಬಿಸಿಲು ತಾಗುತ್ತಿದ್ದ ಹಾಗೆ ಅವು ಕಲ್ಲು ಹತ್ತಿದವು. ಬೆನ್ನು ಬಿರಿಯಿತು. ಮುದುಡಿದ ಒದ್ದೆ ಜೀವವೊಂದು ತನ್ನಿಂದ ತಾನೇ ಹೊರಬಂದು, ಹಳೆಯ ಮೈಗೆ ಜೋತುಬಿದ್ದು, ರೆಕ್ಕೆ ಬಿಡಿಸಿಕೊಂಡು ಒಣಗುತ್ತ ಕೂತಿತು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮೊದಲನೆಯದು ಹಾರಿದಾಗ ಪಂಪಾಪತಿ ಶಿಳ್ಳೆ ಹಾಕಿದ. ಹುಲಿಗೆವ್ವ ಅವನ ಬೆನ್ನಿಗೊಂದು ಗುದ್ದಿ, "ಅಂಜಿ ಓಡ್ಯಾವೋ ಪಂಪ್ಯಾ, ಸುಮ್ನಿರು," ಎಂದು ಗದರಿ, ತಾನೇ ಕಣ್ಣೊರೆಸಿಕೊಂಡಳು.

ಹತ್ತು ಹುಳಗಳು ಹೊಳೆಯ ಮೇಲೆ, ಕೆಳಗೆ, ಆಚೆ, ಗಾಳಿ ಹೋದತ್ತ ಹೋದವು. ಹನ್ನೊಂದನೆಯದು ಮಾತ್ರ ಹುಲಿಗೆವ್ವನ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಬಂದು ಕೂತಿತು. ಕೆಲವು ದಿನ ಅಲ್ಲೇ ಇತ್ತು. ಎದ್ದು ಹೊಳೆಯ ಮೇಲೊಂದು ಸುತ್ತು ಹಾಕುವುದು, ಮರಳಿ ಹಗ್ಗಕ್ಕೆ ಬರುವುದು. "ಮದಿವಿಗೆ ಬಂದ ಗಂಡು ಹೆಣ್ಣಿನ ಮನಿ ಸಿಗದ ತಿರಗ್ಯಾಡಿದಂಗ ತಿರಗ್ಯಾಡತೈತಿ ನೋಡು," ಎಂದು ಹುಲಿಗೆವ್ವ ವಾರಿಜಾಳಿಗೆ ವರದಿ ಒಪ್ಪಿಸುತ್ತಿದ್ದಳು. ಒಂದು ದಿನ ಬಟ್ಟೆ ಹಾಕಲು ಹೋದಾಗ ಹಗ್ಗ ಖಾಲಿ ಇತ್ತು.

ಮುಂದಿನ ಅಮಾವಾಸ್ಯೆಗೆ ಗೋಡೆಯ ಮೇಲೆ ಕುರುಹು ಹಿಂದೆಂದಿಗಿಂತ ಜೋರಾಗಿ ಮೂಡಿತು. ವಾರಿಜಾ ತನ್ನ ಅಮ್ಮನಿಗೆ ಫೋನು ಮಾಡಿ, ನಾನು ಮಾಡಿದ್ದು ಸರಿಯಾಯ್ತಮ್ಮ, ಎಂದಳು.

ಅದರ ಮುಂದಿನ ಅಮಾವಾಸ್ಯೆ. ಜ್ವರವೆಂದು ವಾರಿಜಾ ಕಚೇರಿಗೆ ಹೋಗದೆ ಉಳಿದಿದ್ದಳು. ಬಿಸಿಲು ಕಾಯಲೆಂದು ದಂಡೆಗೆ ಇಳಿದಾಗ ಹುಲಿಗೆವ್ವ ಅಂಬಣ್ಣನ ಅಂಗಿಯನ್ನು ಹಿಂಡಿ ಬಂಡೆಗೆ ಹಾಸುತ್ತಿದ್ದಳು. ಆಮೇಲೆ ಸೆರಗಿನಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿ, ಒಳಗಿದ್ದ ಪೊರೆಯೊಂದನ್ನು ಎರಡು ಬೆರಳಲ್ಲಿ ಎತ್ತಿ, ಮಗುವಿನ ತಲೆ ತೊಳೆಯುವಷ್ಟು ಮೆತ್ತಗೆ ಹೊಳೆಯಲ್ಲಿ ಅದ್ದಿ, ಅಲುಗಿಸಿ, ಬಿಸಿಲಿಗಿಟ್ಟಳು. ಇನ್ನೊಂದು. ಮತ್ತೊಂದು. ನೀರು ಹರಿಯುವ ದಿಕ್ಕಿನಲ್ಲಿ, ಬಂಡೆಯಿಂದ ನಾಲ್ಕು ಮಾರು ಕೆಳಗೆ ಕಿವಿಗಂಬ ಗುಟುಕು ಗುಟುಕಾಗಿ ನೀರು ಕುಡಿಯುತ್ತ ನಿಂತಿತ್ತು.

ವಾರಿಜಾ ಕಂಬವನ್ನು ನೋಡಿದಳು, ಡಬ್ಬಿಯನ್ನು ನೋಡಿದಳು.

"ಹುಲಿಗೆವ್ವಕ್ಕ... ಏನ್ ಮಾಡ್ತಿದ್ದೀಯಾ?"

"ಬಂದ್ಯಾ? ಜ್ವರ ಇಳೀತನು?" ಹುಲಿಗೆವ್ವ ಸಂತೋಷದಿಂದಲೇ ಹೇಳಿದಳು. "ನಿನ್ನ ಹುಳದ ಅಂಗಿ ಹೊಳಿಗೆ ತೋರ್ಸಾಕತ್ತೀನಿ. ನಮ್ಮ ಮನಿಯವ್ರ ಅಂಗಿ ಜೋಡಿ ಇವೂ ಇರ್ಲಿ ಅಂತ ಹ್ವಾದ ವರ್ಷದಿಂದ ತೋರ್ಸೀನಿ. ನೋಡು, ತೋರ್ಸಿದ ಮ್ಯಾಲ ಅಲ್ಲೇನು ನಿನ್ನ ಗ್ವಾಡಿ ಮ್ಯಾಲ ಹೆಸರು ಬಂದದ್ದು! ಮೊನ್ನಿ ಹಾರಿದ್ವಲ್ಲ, ಅವು ಬಿಟ್ಟ ಅಂಗೀನೂ ಆರಿಸಿ ಇಟ್ಟೀನಿ."

ವಾರಿಜಾ ಒಂದು ಬಾಟಲಿಯಲ್ಲಿ ಆ ಬಂಡೆಯ ಬುಡದ ನೀರು ತುಂಬಿಕೊಂಡು ಲ್ಯಾಬಿಗೆ ನಡೆದಳು.

ದೊಡ್ಡ ಯಂತ್ರ ಆಳನ್ನು ಓದಿತು. ಹೊಳೆಯಲ್ಲಿದ್ದ ಸುಣ್ಣದ ಕೊಡತಿಯ ಕುರುಹೆಲ್ಲ ಅವಳದೇ ತೊಟ್ಟಿಗಳಲ್ಲಿ ಹುಟ್ಟಿದ ಹುಳಗಳದು. ಸೋಸಿ ಕಾದಿಟ್ಟಿದ್ದ ಹಿಂದಿನ ತಿಂಗಳುಗಳ ನೀರಿನಲ್ಲೂ ಅಷ್ಟೇ. ಕಾಡುಹುಳ ಒಂದೂ ಇರಲಿಲ್ಲ, ಬಹಳ ದಿನಗಳಿಂದ ಇರಲಿಲ್ಲ. ಬಿಟ್ಟ ಹನ್ನೊಂದಕ್ಕೆ ಹುಟ್ಟಿದ ಹೊಸ ಮರಿಯ ಕುರುಹೂ ಇರಲಿಲ್ಲ. ಯಾರೂ ಕಾಯದೆ ಇದ್ದ ಹೊಳೆಗೆ ಅವಳು ಹನ್ನೊಂದು ಹುಳಗಳನ್ನು ಕಳಿಸಿದ್ದಳು. ಬಲೆಮನೆಯಲ್ಲಾದರೆ ಅವು ಒಂದನ್ನೊಂದು ಹುಡುಕುವ ಕಷ್ಟವಿರಲಿಲ್ಲ.

"ಆಗ್ಲೇ ಒಂದ್ಸಲ ಆಳು ಓದಿಸಬೇಕಿತ್ತು," ಎಂದಳು.

ಪಂಪಾಪತಿ ಯಂತ್ರದ ಪರದೆ ಆರಿಸಿದ. "ಹುಲಿಗೆವ್ವಗ ಹೇಳಬ್ಯಾಡ್ರಿ ಮೇಡಂ. ಮುದಿಕಿ ಎದಿ ಒಡಕೊಂತಾಳ," ಎಂದ.

ಹೇಳಬೇಕಾಗಿ ಬರಲಿಲ್ಲ. ಸಂಜೆ ವಾರಿಜಾಳ ಮುಖ ನೋಡಿದ ಹುಲಿಗೆವ್ವ ಒಲೆಯ ಮುಂದಿನಿಂದ ಏಳದೆ ಕೇಳಿದಳು.

"ಕಂಬ ಕೇಳಿದ್ದು ಅಂಗೀನ. ಹೌದಿಲ್ಲೋ?"

"ಹೂಂ."

"ನಾ ಅಂಗಿ ತೊಳ್ದಿದ್ದಕ್ಕ ನೀ ಅವನ್ನ ಬಿಟ್ಟಿ."

"ಅಂಗಿ ಅಂತ ಹೆಸರಿಟ್ಟೋಳು ನಾನಲ್ವೇನಕ್ಕ? ಪೊರೆ ಅಂದಿದ್ರೆ ನೀನು ತೊಳೀತಿರಲಿಲ್ಲ."

ರೊಟ್ಟಿ ಹಂಚಿನ ಮೇಲೆ ಸೀದು ಹೊಗೆಯೆದ್ದಿತು. ಇಬ್ಬರೂ ಅದನ್ನು ತೆಗೆಯಲಿಲ್ಲ. ಹುಲಿಗೆವ್ವ ಅತ್ತಳು. ಹುಳಕ್ಕೆಂದು ಅಷ್ಟೊಂದು ಅತ್ತವರನ್ನು ವಾರಿಜಾ ತನ್ನ ವಿಜ್ಞಾನದವರ ನಡುವೆಯೂ ಕಂಡಿರಲಿಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದು ಹುಲಿಗೆವ್ವ ಕೇಳಿದ್ದು ಬೇರೆಯೇ ಒಂದು ಮಾತು.

"ಅಂಗಿ ತೊಳದ್ರ ಅದನ್ನ ತೊಟ್ಟವ್ರು ಯಾರಂತ ನಿನ್ನ ದೊಡ್ಡ ಮಿಷನ್ನು ಹೇಳ್ತೈತಿ?"

"ಹೇಳುತ್ತೆ."

"ನಮ್ಮಪ್ಪಂದೂ?"

ಅಂಬಣ್ಣನನ್ನು ಅವಳು ಹಾಗೆಯೇ ಕರೆಯುತ್ತಿದ್ದಳು, ಮಕ್ಕಳಿಲ್ಲದ ಮನೆಯಲ್ಲಿ ಮಕ್ಕಳ ಬಾಯಲ್ಲಿ ಕರೆದ ಹಾಗೆ. ವಾರಿಜಾಳಿಗೆ ಬೇಡವೆನ್ನುವ ಧೈರ್ಯವಿರಲಿಲ್ಲ.

ಮರುದಿನ ಬೆಳಗ್ಗೆ ಹುಲಿಗೆವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು, ಅಂಗಿಯನ್ನು ಎದೆಗೊತ್ತಿಕೊಂಡು ಲ್ಯಾಬಿಗೆ ಬಂದಳು. ಮರಿಗಳಿದ್ದ ಗಾಜಿನ ತೊಟ್ಟಿಗಳೆಲ್ಲ ಬರಿದಾಗಿ ಗೋಡೆಗೆ ಒರಗಿದ್ದವು. ಪಂಪಾಪತಿ ಹೊಸ ಸ್ಟೀಲ್ ಬೋಗುಣಿಯೊಂದಕ್ಕೆ ಶುದ್ಧ ನೀರು ತುಂಬಿಕೊಟ್ಟ. ಮನುಷ್ಯರ ಕುರುಹನ್ನು ಓದಬಾರದೆಂಬ ಅಪ್ಪಣೆಯ ನೆನಪು ಇಬ್ಬರಿಗೂ ಇತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

"ಸಾಬೂನು ಬ್ಯಾಡೇನು?"

"ಬೇಡಕ್ಕ. ಸುಮ್ನೆ ಅಲುಗಿಸು."

ಅಂಗಿ ನೀರಿಗಿಳಿಯಿತು. ಹುಲಿಗೆವ್ವ ಕಾಲರನ್ನು ತಿಕ್ಕಿದಳು, ಕಂಕುಳನ್ನು ತಿಕ್ಕಿದಳು, ಬೆವರು ಎಲ್ಲಿ ಕೂರುತ್ತದೆಂದು ತಿಳಿದವಳ ಹಾಗೆ ತಿಕ್ಕಿದಳು. ಯಂತ್ರ ನೀರು ಹೀರಿಕೊಂಡಿತು. ಅವರು ಚಹಾ ಕುಡಿಯುತ್ತ ಕಾದರು. ಅಂಬಣ್ಣ ಎಂಥ ಹಾಡುಗಾರನೆಂದೂ, ಒಗೆಯುವಾಗ ಅವನ ಕೊಡತಿಯ ಏಟಿಗೆ ತಾಳ ತಪ್ಪುತ್ತಿರಲಿಲ್ಲವೆಂದೂ, ಮದುವೆಯಾದ ಹೊಸತರಲ್ಲಿ ಇದೇ ಅಂಗಿಗೆ ಅವಳೇ ನೀಲಿ ಜಾಸ್ತಿ ಹಾಕಿ ಕೆಡಿಸಿದ್ದಳೆಂದೂ ಹುಲಿಗೆವ್ವ ಹೇಳುತ್ತ ಹೋದಳು. ಪಂಪಾಪತಿ ನಡುನಡುವೆ "ಆಮ್ಯಾಲ?" ಎನ್ನುತ್ತಿದ್ದ.

ಪರದೆಯ ಮೇಲೆ ಅಕ್ಷರ ಮೂಡಿತು. ವಾರಿಜಾ ಓದಿದಳು. ಮತ್ತೊಮ್ಮೆ ಓದಿದಳು.

"ಏನ್ ಬಂತವ್ವ?"

"ಒಬ್ಬರದ್ದೇ ಬಂತು, ಅಕ್ಕ."

ಹುಲಿಗೆವ್ವ ಬಾಗಿಲ ಕಡೆ ನೋಡಿದಳು.

"ಹೆಂಗಸು ಅಂತ ಬಂತು," ಎಂದಳು ವಾರಿಜಾ. "ನಿಂದೇ. ಇಷ್ಟು ವರ್ಷ ತೊಳ್ದಿದ್ದೀಯಲ್ಲ. ಅವರದ್ದೇನೂ ಉಳಿದಿಲ್ಲ ಅದರಲ್ಲಿ. ನಿನ್ನ ಕೈ ಅಷ್ಟೇ ಇದೆ."

ಪಂಪಾಪತಿ ಮುಖ ತಿರುಗಿಸಿಕೊಂಡ. ಹುಲಿಗೆವ್ವ ಬೋಗುಣಿಯೊಳಗಿನ ಅಂಗಿಯನ್ನು ನೋಡುತ್ತ ನಿಂತಳು. ತೊಳೆಯುತ್ತ ತೊಳೆಯುತ್ತ ತಾನೇ ಅವನನ್ನು ಹೊಳೆಗೆ ಬಿಟ್ಟುಬಂದೆನಲ್ಲ ಎಂದು ಅವಳಿಗೆ ಅನ್ನಿಸಿತೋ ಏನೋ. ಕೇಳುವವರಾರು? ಅವಳು ಅಂಗಿಯನ್ನೆತ್ತಿ ನೀರು ಹಿಂಡಿ, ಕೊಡವಿ, ಒದ್ದೆಯಿದ್ದ ಹಾಗೆಯೇ ಮಡಿಚಿದಳು. ಒದ್ದೆ ಬಟ್ಟೆ ಮಡಿಚುವುದು ಅವಳ ಕಸುಬಿಗೆ ಒಪ್ಪುವ ಕೆಲಸವಾಗಿರಲಿಲ್ಲ.

"ಹಂಗಾರ ನಾನರ ಅದೀನಲ್ಲ," ಎಂದಳು ಮೆಲ್ಲಗೆ. ಆಮೇಲೆ ಸೆರಗಿನಿಂದ ಪೊರೆಗಳ ಡಬ್ಬಿ ತೆಗೆದು ವಾರಿಜಾಳ ಕೈಯಲ್ಲಿಟ್ಟಳು. "ಇವನ್ನ ನೀ ಇಟ್ಕೋ. ನೀರಿಗೆ ಹಾಕಬ್ಯಾಡ. ಇದ್ದದ್ದೂ ಹೋಗ್ತೈತಿ."

ಮೂವರೂ ಕಚೇರಿಗೆ ಬಂದರು. ಗೋಡೆಯ ಮೇಲೆ ಸುಣ್ಣದ ಕೊಡತಿ 'ಇದೆ' ಎಂದು ಇನ್ನೂ ಹೇಳುತ್ತಿತ್ತು. ಪಂಪಾಪತಿ ಕಂಪ್ಯೂಟರಿನ ಮುಂದೆ ಕೂತು ವಾರಿಜಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು 'ಇಲ್ಲ' ಎಂಬುದನ್ನು ಒತ್ತಿದ. ಆ ಪದವನ್ನು ಗೋಡೆಗೇರಿಸುವ ಮೊದಲು ಯಂತ್ರ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿತು.

"ಕೊನೆಯದಾಗಿ ಕಂಡವರು ಯಾರು ಅಂತ ಕೇಳ್ತೈತ್ರಿ, ಮೇಡಂ," ಎಂದ ಪಂಪಾಪತಿ.

"ನಾನ," ಎಂದಳು ಹುಲಿಗೆವ್ವ. "ಹಗ್ಗದ ಮ್ಯಾಲ ಕುಂತಿತ್ತು. ನನ್ನ ಹೆಸರ ಹಾಕು."

ಪಂಪಾಪತಿ ಒಂದೊಂದೇ ಅಕ್ಷರ ಒತ್ತುತ್ತ ಬಾಯಿಬಿಟ್ಟು ಓದಿದ. "ಹುಲಿಗೆವ್ವ... ಗಂಡ... ಅಂಬಣ್ಣ."

"ತಡಿ," ಎಂದಳು ಹುಲಿಗೆವ್ವ. ಮಡಿಚಿದ ಅಂಗಿಯಿಂದ ನೀರು ಅವಳ ಸೀರೆಯ ಮೇಲೆ ಇಳಿಯುತ್ತಿತ್ತು. "ದಿವಂಗತ ಅಂಬಣ್ಣ ಅಂತ ಬರಿ, ಪಂಪ್ಯಾ."